ದಿನಚರಿಯನ್ನು ರಾತ್ರಿಯಿಂದ ಬರೆಯಿರಿ

ಕೆಲಸಕ್ಕೆ ಮೂವರಿದ್ದಾರೆ, ಎದುರಿಗೆ ನಿಂತರೆ ಎಲ್ಲಾ ಸರಿ, ಒಂದು ಗಂಟೆ ಹೊರಗೆ ಹೋಗಿ ಬಂದರೆ ಸ್ಟಾಲ್ ಅಸ್ತವ್ಯಸ್ತ, ದಿನಾ ಹೇಳಿದ್ದನ್ನೇ ಹೇಳಿ ಸಾಕಾಗಿದೆ ಅಂತ ಬರೆದಿದ್ದೀರಿ. ಚಿಕ್ಕ ತಿಂಡಿ ಸ್ಟಾಲ್ ನಡೆಸುವಾಗ ನನಗೂ ಇದೇ ಆಗಿತ್ತು. ಹುಡುಗರು ಸೋಮಾರಿಗಳು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಯಾರ ಕೆಲಸ ಯಾವುದು ಅಂತ ನಾನೇ ಸರಿಯಾಗಿ ಹೇಳಿರಲಿಲ್ಲ. "ಯಾರಾದ್ರೂ ಮಾಡ್ತಾರೆ" ಅಂತ ಬಿಟ್ಟ ಕೆಲಸವನ್ನು ಯಾರೂ ಮಾಡುವುದಿಲ್ಲ.

ಹಾಗಾಗಿ ಮೊದಲು ಹೆಸರು ಹಾಕಿ. ಈ ವಾರ ಒಲೆ ಯಾರದ್ದು, ಪಾತ್ರೆ ಯಾರದ್ದು, ಗಲ್ಲಾ ಯಾರದ್ದು. ವಾರಕ್ಕೊಮ್ಮೆ ಬದಲಾಯಿಸಿ. ಇಲ್ಲದಿದ್ದರೆ ಪಾತ್ರೆ ತೊಳೆಯುವುದು ಹೊಸಬನ ತಲೆಗೇ ಕಟ್ಟುತ್ತದೆ, ಅವನು ಬೇಗ ಬಿಟ್ಟು ಹೋಗುತ್ತಾನೆ.

ದಿನಚರಿ, ಅಂದರೆ ದಿನದ ಕೆಲಸಗಳ ಪಟ್ಟಿ, ಬರೆಯುವಾಗ ಅಂಗಡಿ ಮುಚ್ಚುವ ಹೊತ್ತಿನಿಂದ ಶುರು ಮಾಡಿ. ಬೆಳಗಿನ ಗಡಿಬಿಡಿ ಎಲ್ಲಾ ಹಿಂದಿನ ರಾತ್ರಿ ಬಿಟ್ಟು ಹೋದದ್ದೇ ಅಲ್ವಾ? ಉಳಿದ ಅಡುಗೆ ಅಗಲವಾದ ತಟ್ಟೆಗಳಿಗೆ ತೆಳುವಾಗಿ ಹರಡಿ ಫ್ರಿಜ್ಜಿಗೆ ಹೋಗಬೇಕು. ಆಳದ ಪಾತ್ರೆಯಲ್ಲೇ ಇಟ್ಟರೆ ಅಂಚು ತಣ್ಣಗಾಗಿರುತ್ತದೆ, ನಡುವೆ ಸೌಟು ಹಾಕಿದರೆ ಇನ್ನೂ ಬೆಚ್ಚಗೆ. ಒರೆಸುವ ಬಟ್ಟೆ ಒಗೆದು ಹರವಬೇಕು. ಸಿಲಿಂಡರಿನ ರೆಗ್ಯುಲೇಟರ್ ಬಂದ್. ನಾಳೆಗೆ ಏನು ಮುಗಿದಿದೆ ಅಂತ ಚೀಟಿ. ಕೊನೆಗೆ ಹೋಗುವವರು ಕೌಂಟರಿನ ಒಂದು ಫೋಟೋ ತೆಗೆದು ನಿಮಗೆ ಕಳಿಸಲಿ.

ಹಗಲಿನ ಕೆಲಸಕ್ಕೆ ಗಂಟೆ ಬರೆಯಬೇಡಿ. ಗಿರಾಕಿ ನಿಂತಿರುವಾಗ ಗಡಿಯಾರ ಯಾರೂ ನೋಡುವುದಿಲ್ಲ. ಒಂದು ಕೆಲಸದ ಬಾಲಕ್ಕೆ ಇನ್ನೊಂದನ್ನು ಕಟ್ಟಿ. ರಶ್ ಇಳಿಯಿತಾ, ಕೌಂಟರ್ ಒರೆಸಿ ಬಟ್ಟೆ ಬದಲಾಯಿಸುವುದು. ದುಡ್ಡು ಮುಟ್ಟಿದರಾ, ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಯುವುದು. ಗಲ್ಲಾದಲ್ಲಿರುವವರು ತಿಂಡಿ ಮುಟ್ಟದಿದ್ದರೆ ಇನ್ನೂ ಒಳ್ಳೆಯದು. ರಶ್ ಶುರುವಾಗುವ ಮೊದಲು ಕೆಲಸದವರ ಊಟ ಮುಗಿಯಲಿ, ಹಸಿದವರ ಕೈಯಲ್ಲಿ ಕೆಲಸ ಓಡುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಗಡಿಯಾರ ಬೇಕೇ ಬೇಕು. ಅಡುಗೆ ಬಿಸಿಯಾಗಿ ಇಡುವುದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗೆ ಇಡುವುದು 5ಕ್ಕಿಂತ ಕೆಳಗೆ. ನಡುವಿನ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಆ ನಡುವಿನ ಬಿಸಿಯಲ್ಲಿ ಹೊರಗಿಟ್ಟು 2 ಗಂಟೆಯೊಳಗಿದ್ದರೆ ಫ್ರಿಜ್ಜಿಗೆ ಸೇರಿಸಬಹುದು. 2 ದಾಟಿದರೆ ಆಗಲೇ ಬಡಿಸಿ ಮುಗಿಸಬೇಕು. ಒಟ್ಟು 4 ಗಂಟೆ ದಾಟಿದರೆ ಚೆಲ್ಲಿಬಿಡಿ. "ಇನ್ನೊಂದ್ಸಲ ಕುದಿಸಿದ್ರೆ ಆಯ್ತು" ಅನ್ನುವುದು ಜಾಸ್ತಿ ಅಪಾಯದ ಮಾತು. ಕೆಲವು ಬ್ಯಾಕ್ಟೀರಿಯಾ ಬಿಟ್ಟು ಹೋಗುವ ವಿಷ ಕುದಿಸಿದರೂ ಹೋಗುವುದಿಲ್ಲ. ಡಬ್ಬದ ಮೇಲೆ ಒಂದು ತುಂಡು ಟೇಪು, ಮಾರ್ಕರಿನಲ್ಲಿ ಹೊರಗಿಟ್ಟ ಹೊತ್ತು. ಇಷ್ಟು ಮಾಡಿದರೆ ವಾಸನೆ ನೋಡಿ ನಿರ್ಧರಿಸುವ ಅಭ್ಯಾಸ ನಿಲ್ಲುತ್ತದೆ.

ಗೋಡೆಗೆ ಈ ಪಟ್ಟಿಯ ಹಾಳೆ ಅಂಟಿಸಿ, ಮುಗಿದ ಕೆಲಸಕ್ಕೆ ಟಿಕ್ ಹಾಕಿಸಿದ್ದೆ. ಒಂದು ಶನಿವಾರ ನೋಡಿದರೆ ಇಡೀ ವಾರದ ಟಿಕ್ ಒಂದೇ ನೀಲಿ ಪೆನ್ನಿನಲ್ಲಿ, ಒಂದೇ ಓಟದಲ್ಲಿ. ಆಮೇಲೆ ಟಿಕ್ ಬದಲು ಫ್ರಿಜ್ಜಿನ ಡಿಗ್ರಿ, ಗಲ್ಲಾದಲ್ಲಿ ಬಿಟ್ಟ ಚಿಲ್ಲರೆ ಎಷ್ಟು ಅಂತ ಬರೆಸಿದೆ. ಅಂಕಿ ಬರೆಯಬೇಕೆಂದರೆ ಹೋಗಿ ನೋಡಲೇಬೇಕಲ್ಲ.

ವಾಂತಿ ಭೇದಿ ಆದವರು ಅದು ನಿಂತ ಮೇಲೂ 48 ಗಂಟೆ ಬರಬಾರದು. ದಯವಿಟ್ಟು ಆ ದಿನಗಳ ಸಂಬಳ ಹಿಡಿಯಬೇಡಿ. ಹಿಡಿದರೆ ಮುಚ್ಚಿಟ್ಟು ಬರುತ್ತಾರೆ.

ಎಲ್ಲವನ್ನೂ ಒಂದೇ ದಿನ ತರಬೇಡಿ. ಮೊದಲ ವಾರ ಮುಚ್ಚುವ ಕೆಲಸ ಮಾತ್ರ ಸರಿ ಮಾಡಿ. ಎರಡನೇ ವಾರ ಬೇಕಂತಲೇ ಒಂದು ಗಂಟೆ ಹೊರಗೆ ಹೋಗಿ ಬನ್ನಿ. ಏನು ತಪ್ಪಿದೆಯೋ ಅದು ಹಾಳೆಯಲ್ಲಿ ಇದೆಯಾ, ಯಾರ ಹೆಸರಿನಲ್ಲಿದೆ ಅಂತ ಮೊದಲು ನೋಡಿ. ಆಮೇಲೆ ಹುಡುಗರನ್ನು ಕೇಳಿ.