ಸ್ವೀಟ್‌ಕಾರ್ನ್ ತೆನೆಯಲ್ಲಿ ಕಾಳು ಕಟ್ಟುತ್ತಿಲ್ಲವೇ? ಉದ್ದ ಸಾಲು ಬಿಡಿ, ಚೌಕದಲ್ಲಿ ಬಿತ್ತಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಿತ್ತಲಿನ ಸ್ವೀಟ್‌ಕಾರ್ನ್ ಬಗ್ಗೆಯೇ ಇವೆ. ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಬೇರೆ ಬೇರೆ ಮಾತಿನಲ್ಲಿ ಅದೇ ಪ್ರಶ್ನೆಯನ್ನು ಇನ್ನೂ ಹಲವರು ಕೇಳಿದ್ದಾರೆ.

ಪ್ರಶ್ನೆ: ಸರ್ರೀ, ನಮ್ಮ ಹಿತ್ತಲದಾಗ ಕಂಪೌಂಡ್ ಗ್ವಾಡಿ ಗುಂಟ ಒಂದ ಸಾಲಿನಾಗ ಹನ್ನೆರಡು ಸ್ವೀಟ್‌ಕಾರ್ನ್ ಗಿಡಾ ಹಚ್ಚಿದ್ದೆ. ಆಳೆತ್ತರ ಬೆಳದ್ವು, ತೆನಿನೂ ಬಂದ್ವು. ಸುಲಿದು ನೋಡಿದ್ರ ಅಲ್ಲೊಂದು ಇಲ್ಲೊಂದು ಕಾಳು, ಉಳಿದದ್ದೆಲ್ಲಾ ಬರೀ ದಿಂಡು. ಯೂರಿಯಾ ಹಾಕಿ ನೋಡಿದೆ, ಏನೂ ಆಗಲಿಲ್ಲ. ಬೀಜಾನೇ ಖೊಟ್ಟಿ ಅದಾವೇನ್ರಿ?
— ಗೃಹಿಣಿ, ಸೇಡಂ ರಸ್ತೆ, ಕಲಬುರಗಿ

ಉತ್ತರ: ಬೀಜದ ತಪ್ಪಿಲ್ಲ ಅಕ್ಕಾವ್ರೇ. ಗಿಡ ಆಳೆತ್ತರ ಬೆಳೆದಿದೆ ಎಂದರೆ ಗೊಬ್ಬರವೂ ಸಾಕಷ್ಟು ಸಿಕ್ಕಿದೆ. ನಿಮ್ಮ ಗಿಡಗಳಿಗೆ ಸಿಗದೇ ಹೋದದ್ದು ಪರಾಗ. ಅದಕ್ಕೆ ಕಾರಣ ಆ ಒಂದೇ ಸಾಲು.

ಗಿಡದ ನೆತ್ತಿಯಲ್ಲಿ ಬರುವ ಸೂಲಂಗಿ ಗಂಡು ಹೂವು. ನಡುವಿನಲ್ಲಿ ಮೂಡುವ ಎಳೆ ತೆನೆ ಹೆಣ್ಣು. ತೆನೆಯ ತುದಿಯಿಂದ ರೇಷ್ಮೆಯಂಥ ಎಳೆಗಳು ಹೊರಗೆ ಇಳಿಬೀಳುತ್ತವಲ್ಲ, ಅವುಗಳಲ್ಲಿ ಒಂದೊಂದು ಎಳೆಯೂ ಒಳಗಿನ ಒಂದೊಂದು ಕಾಳಿಗೆ ಸೇರಿದ್ದು. ಎಳೆಗೆ ಪರಾಗದ ಒಂದು ಕಣ ಅಂಟಿದರೆ ಅದರ ಬುಡದಲ್ಲಿ ಕಾಳು ಕಟ್ಟುತ್ತದೆ, ಅಂಟದಿದ್ದರೆ ಆ ಜಾಗ ಖಾಲಿ ಉಳಿಯುತ್ತದೆ. ತೆನೆಯೊಂದರಲ್ಲಿ ಇಂಥ ನೂರಾರು ಎಳೆಗಳಿರುತ್ತವೆ. ನೀವು ಸುಲಿದಾಗ ಕಂಡ ಖಾಲಿ ಜಾಗಗಳೆಲ್ಲ ಪರಾಗ ಮುಟ್ಟದ ಎಳೆಗಳು.

ಈ ಬೆಳೆ ಜೇನುಹುಳುವನ್ನು ನಂಬಿಲ್ಲ, ಗಾಳಿಯನ್ನು ನಂಬಿದೆ. ಒಂದು ಸೂಲಂಗಿಯಿಂದ ಲಕ್ಷಗಟ್ಟಲೆ ಕಣ ಉದುರುತ್ತವೆ ನಿಜ. ಆದರೆ ಮುಂಗಾರಿನಲ್ಲಿ ನಮ್ಮ ಕಡೆ ಪಶ್ಚಿಮದ ಗಾಳಿ ಬಲವಾಗಿ ಬೀಸುತ್ತದೆ. ಸಾಲು ಆ ಗಾಳಿಗೆ ಅಡ್ಡವಾಗಿದ್ದರೆ ಪರಾಗವೆಲ್ಲ ಗೋಡೆಗೆ ಬಡಿಯುತ್ತದೆ, ಇಲ್ಲವೇ ರಸ್ತೆಗೆ ಹೋಗುತ್ತದೆ. ಪಕ್ಕದ ಗಿಡದ ಎಳೆಯ ಮೇಲೆ ಬೀಳುವುದು ಅಷ್ಟಕ್ಕಷ್ಟೇ.

ಮುಂದಿನ ಸಲ ಅದೇ ಹನ್ನೆರಡು ಗಿಡದ ಬದಲು ಹದಿನಾರು ಹಚ್ಚಿ, ನಾಲ್ಕು ಸಾಲು, ಸಾಲಿಗೆ ನಾಲ್ಕು. ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಗೇಣು. ಎಂಟು ಅಡಿಗೆ ಮೂರೂವರೆ ಅಡಿ ಜಾಗ ಸಾಕು. ಯಾವ ದಿಕ್ಕಿನಿಂದ ಗಾಳಿ ಬಂದರೂ ಪರಾಗ ಇನ್ನೊಂದು ಗಿಡದ ಮೇಲೆಯೇ ಬೀಳುತ್ತದೆ. ಕುಣಿಗೆ ಎರಡು ಬೀಜ, ಒಂದೂವರೆ ಇಂಚು ಆಳ. ಮೊಳಕೆ ಬಂದ ಮೇಲೆ ಗಟ್ಟಿಯಾದ ಒಂದನ್ನು ಬಿಟ್ಟು ಇನ್ನೊಂದನ್ನು ಕಿತ್ತುಬಿಡಿ. ಎಲ್ಲವನ್ನೂ ಒಂದೇ ದಿನ ಬಿತ್ತಬೇಕು. ತಿಂಗಳೆಲ್ಲಾ ತೆನೆ ಸಿಗಲಿ ಎಂದು ವಾರಕ್ಕೆ ನಾಲ್ಕರಂತೆ ಬಿತ್ತಿದರೆ ಹೂವಿನ ಹೊತ್ತಿಗೆ ಜೊತೆಗಿರುವ ಗಿಡ ನಾಲ್ಕೇ ಆಗುತ್ತವೆ, ಮತ್ತೆ ಇದೇ ತೊಂದರೆ.

ಹಿತ್ತಲಿನಲ್ಲಿ ನಾಲ್ಕು ಸಾಲೂ ಸಣ್ಣದೇ. ಆದ್ದರಿಂದ ಪರಾಗವನ್ನು ಕೈಯಾರೆ ಹಾಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಸೂಲಂಗಿ ಬಿಡಿಸಿಕೊಂಡು ಕೆಳಗಿನ ಎಲೆಗಳ ಮೇಲೆ ಹಳದಿ ಪುಡಿ ಕಾಣತೊಡಗಿದ ಎರಡು ಮೂರು ದಿನಕ್ಕೆ ರೇಷ್ಮೆ ಎಳೆ ಹೊರಬರುತ್ತದೆ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು, ಅಂದರೆ ಎಂಟರಿಂದ ಹತ್ತರೊಳಗೆ, ಸೂಲಂಗಿಯನ್ನು ಮೆಲ್ಲಗೆ ಬಗ್ಗಿಸಿ ಕಾಗದದ ಚೀಲದೊಳಗೆ ಕೊಡವಿ. ಚೀಲದ ತಳದಲ್ಲಿ ಕೂತ ಪುಡಿಯನ್ನು ಬೇರೆ ಗಿಡಗಳ ಎಳೆಗಳ ಮೇಲೆ ಉದುರಿಸಿ. ಒಂದೇ ದಿನಕ್ಕೆ ನಿಲ್ಲಿಸಬೇಡಿ. ತೆನೆಯ ಬುಡದ ಎಳೆಗಳು ಮೊದಲು ಬರುತ್ತವೆ, ತುದಿಯವು ಕೊನೆಗೆ. ಮೂರು ನಾಲ್ಕು ದಿನ ಬಿಡದೆ ಹಾಕಿದರೆ ತುದಿಯವರೆಗೂ ಕಾಳು ಕಟ್ಟುತ್ತದೆ.

ಕೆಲಸ ಆಯಿತೋ ಇಲ್ಲವೋ ತಿಳಿಯಬೇಕೆ? ಐದಾರು ದಿನ ಬಿಟ್ಟು ಒಂದು ತೆನೆಯನ್ನು ಕಿತ್ತು, ಎಳೆ ಹರಿಯದ ಹಾಗೆ ಸಿಪ್ಪೆ ಬಿಡಿಸಿ, ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಪರಾಗ ಮುಟ್ಟಿದ ಎಳೆಗಳು ತಾವಾಗಿಯೇ ಕಳಚಿ ಬೀಳುತ್ತವೆ, ಮುಟ್ಟದವು ದಿಂಡಿಗೆ ಕಚ್ಚಿಕೊಂಡೇ ಇರುತ್ತವೆ. ಒಂದು ತೆನೆ ಹೋದರೂ ಉಳಿದವುಗಳ ಸ್ಥಿತಿ ಗೊತ್ತಾಗುತ್ತದೆ. ಎಳೆ ಇನ್ನೂ ಹಸಿಯಾಗಿದ್ದರೆ ಮತ್ತೆ ಪರಾಗ ಹಾಕಲು ಸಮಯವಿದೆ ಎಂದರ್ಥ.

ಯೂರಿಯಾ ಬಗ್ಗೆ ಒಂದು ಮಾತು. ಖಾಲಿ ಉಳಿದ ಕಾಳನ್ನು ಅದು ತುಂಬಿಸಲಾರದು. ಆದರೆ ಈ ಬೆಳೆಗೆ ಹಸಿವು ಜಾಸ್ತಿ, ಸರಿಯಾದ ಹೊತ್ತಿಗೆ ಸಾರಜನಕ ಬೇಕು. ಬಿತ್ತುವ ಮೊದಲು ಆ ಜಾಗಕ್ಕೆ ಎರಡು ಬುಟ್ಟಿ ಕಳಿತ ತಿಪ್ಪೆಗೊಬ್ಬರ ಬೆರೆಸಿ. ಬಿತ್ತುವಾಗ, ಮೊಳಕಾಲೆತ್ತರ ಬಂದಾಗ, ಸೂಲಂಗಿ ಮೂಡುವಾಗ, ಹೀಗೆ ಮೂರು ಸಲ ತಲಾ 25 ಗ್ರಾಂ ಯೂರಿಯಾವನ್ನು ಹದಿನಾರೂ ಗಿಡಕ್ಕೆ ಹಂಚಿ, ಬುಡದಿಂದ ದೂರ ಮಣ್ಣಿನಲ್ಲಿ ಮುಚ್ಚಿ ನೀರು ಕೊಡಿ. ನಿಮ್ಮದು ಎರೆಮಣ್ಣಾಗಿದ್ದರೆ ಮುಂಗಾರಿನಲ್ಲಿ ಬೋದು ಏರಿಸಿ ಬಿತ್ತಿ. ಎರಡು ದಿನ ಬುಡದಲ್ಲಿ ನೀರು ನಿಂತರೆ ಎಳೆ ಗಿಡ ಹಳದಿಯಾಗಿ ಕುಗ್ಗಿಬಿಡುತ್ತದೆ.

ಪ್ರಶ್ನೆ: ಹೋದ ವರ್ಷ ಪ್ಯಾಕೆಟ್ ಬೀಜ ತಂದು ಬೆಳೆದ ತೆನೆ ತುಂಬಾ ಸಿಹಿಯಾಗಿತ್ತು. ಅದರಲ್ಲೇ ಒಂದು ತೆನೆ ಒಣಗಿಸಿಟ್ಟು ಈ ವರ್ಷ ಬಿತ್ತಿದೆ. ಕಾಳು ತುಂಬಿದೆ, ಸಿಹಿಯೇ ಇಲ್ಲ. ನಮ್ಮ ಮನೆಯ ಹಿಂದೆಯೇ ಗೋವಿನಜೋಳದ ಹೊಲವಿದೆ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದೇ?
— ನಿವೃತ್ತ ಶಿಕ್ಷಕರು, ಹುಮನಾಬಾದ್

ಉತ್ತರ: ಇದೆ ಗುರುಗಳೇ. ನಿಮ್ಮ ಪತ್ರದಲ್ಲಿ ಎರಡು ಕಾರಣಗಳೂ ಇವೆ.

ಪ್ಯಾಕೆಟ್‌ನಲ್ಲಿ ಬರುವುದು ಹೆಚ್ಚಾಗಿ ಹೈಬ್ರಿಡ್ ಬೀಜ. ಅದರ ಕಾಳನ್ನು ಮತ್ತೆ ಬಿತ್ತಿದರೆ ಗಿಡಗಳು ಒಂದರಂತೆ ಒಂದು ಬರುವುದಿಲ್ಲ. ಬೀಜ ಉಳಿಸಿಕೊಳ್ಳುವ ಆಸೆಯಿದ್ದರೆ ಮಾಧುರಿ, ಪ್ರಿಯಾದಂಥ ಕಾಂಪೋಸಿಟ್ ತಳಿ, ಅಂದರೆ ಬೀಜ ಉಳಿಸಿ ಬಿತ್ತಿದರೂ ಗುಣ ಹೆಚ್ಚು ಬದಲಾಗದ ತಳಿ, ಹುಡುಕಿ. ಸಿಹಿ ಹೈಬ್ರಿಡ್‌ಗಿಂತ ತುಸು ಕಡಿಮೆಯಾದರೂ ಹಿತ್ತಲಿಗೆ ಅವು ಒಳ್ಳೆಯವೇ.

ಎರಡನೆಯದು ಪಕ್ಕದ ಹೊಲ. ಸ್ವೀಟ್‌ಕಾರ್ನ್‌ನ ಸಿಹಿ ತಾಯಿ, ತಂದೆ ಎರಡೂ ಕಡೆಯಿಂದ ಬಂದರಷ್ಟೇ ಕಾಳಿನಲ್ಲಿ ಉಳಿಯುತ್ತದೆ. ಗೋವಿನಜೋಳದ ಪರಾಗ ಬಿದ್ದ ಕಾಳಿನಲ್ಲಿ ಸಕ್ಕರೆಯ ಬದಲು ಹಿಟ್ಟು ಕೂಡುತ್ತದೆ. ಮುಂದಿನ ವರ್ಷದವರೆಗೂ ಕಾಯಬೇಕಿಲ್ಲ, ಇದೇ ತೆನೆಯಲ್ಲೇ ಆಗುತ್ತದೆ. ಪರೀಕ್ಷೆ ಸುಲಭ. ಒಂದು ತೆನೆಯನ್ನು ಗಿಡದಲ್ಲೇ ಪೂರ್ತಿ ಒಣಗಲು ಬಿಡಿ. ಸಿಹಿ ಕಾಳು ಒಣಗಿದಾಗ ಸುಕ್ಕುಗಟ್ಟಿ ಮುದುಡುತ್ತದೆ. ಹೊಲದ ಪರಾಗ ಕೂಡಿದ ಕಾಳು ನುಣ್ಣಗೆ, ಉಬ್ಬಿಕೊಂಡು, ಗಟ್ಟಿಯಾಗಿ ನಿಲ್ಲುತ್ತದೆ. ಒಂದೇ ತೆನೆಯಲ್ಲಿ ಎರಡೂ ಬಗೆಯ ಕಾಳು ಪಕ್ಕಪಕ್ಕದಲ್ಲಿ ಕಂಡರೆ ಅಲ್ಲಿಗೆ ಸಂಶಯ ಉಳಿಯುವುದಿಲ್ಲ.

ಹೊಲವನ್ನು ದೂರ ಸರಿಸಲು ನಿಮ್ಮಿಂದಾಗದು, ಆದರೆ ದಿನ ಸರಿಸಬಹುದು. ಹೊಲದವರು ಬಿತ್ತಿದ ಮೂರು ವಾರ ಬಿಟ್ಟು ನೀವು ಬಿತ್ತಿ. ಎರಡರ ಹೂವಿನ ಕಾಲ ಬೇರೆಯಾಗುತ್ತದೆ. ಬಿತ್ತುವ ಮೊದಲು ಅವರನ್ನೊಮ್ಮೆ ಮಾತಾಡಿಸಿ.

ಇನ್ನು ತೆನೆ ಮುರಿಯುವ ಹದ. ತಡವಾದರೂ ಸಿಹಿ ಹೋಗುತ್ತದೆ. ನಮ್ಮವರಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ. ಸೀತನಿಗೆ, ಅಂದರೆ ಸುಟ್ಟು ತಿನ್ನುವ ಎಳೆ ಕಾಳಿಗೆ, ಜೋಳದ ತೆನೆ ಆರಿಸುವ ಕೈಗೆ ಹಾಲುಗಾಳಿನ ಹದ ಗೊತ್ತೇ ಇದೆ, ಇಲ್ಲೂ ಅದೇ ಹದ. ಎಳೆ ಹೊರಬಂದ 18ರಿಂದ 22 ದಿನಕ್ಕೆ ಅದು ಕಂದಾಗಿ ಒಣಗುತ್ತದೆ, ಸಿಪ್ಪೆ ಮಾತ್ರ ಹಸಿರಾಗಿಯೇ ಇರುತ್ತದೆ. ತುದಿಯ ಸಿಪ್ಪೆ ಸ್ವಲ್ಪ ಸರಿಸಿ ಕಾಳಿಗೆ ಉಗುರು ಚುಚ್ಚಿ. ನೀರಿನಂತಿದ್ದರೆ ಇನ್ನೆರಡು ದಿನ ಬಿಡಿ, ಹಾಲು ಬಂದರೆ ಅಂದೇ ಮುರಿಯಿರಿ, ಹಿಟ್ಟಿನಂತೆ ಮೆತ್ತಿಕೊಂಡರೆ ತಡವಾಗಿದೆ. ಮುರಿದ ಮೇಲೂ ಸಕ್ಕರೆ ಹಿಟ್ಟಾಗುತ್ತಲೇ ಹೋಗುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಮುರಿದು ಅಂದೇ ಬೇಯಿಸಿ. ಆಗದಿದ್ದರೆ ಸಿಪ್ಪೆ ಸಮೇತ ಫ್ರಿಜ್‌ನಲ್ಲಿಡಿ.

ಪ್ರಶ್ನೆ: ನಮ್ಮ ಸ್ವೀಟ್‌ಕಾರ್ನ್ ಸುಳಿಯೊಳಗೆ ಹುಳು ಬಿದ್ದಿದೆ. ಎಲೆಗಳಲ್ಲಿ ಸಾಲಾಗಿ ತೂತು, ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ. ಹತ್ತಿಗೆ ತಂದ ಮೊನೊಕ್ರೊಟೊಫಾಸ್ ಮನೆಯಲ್ಲಿದೆ, ಹೊಡೆಯಬಹುದೇ?
— ಪದವಿ ವಿದ್ಯಾರ್ಥಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಬೇಡ ತಮ್ಮಾ, ದಯವಿಟ್ಟು ಹೊಡೆಯಬೇಡ. ತರಕಾರಿ ಮೇಲೆ ಅದರ ಬಳಕೆಯನ್ನು ಸರ್ಕಾರ 2005ರಲ್ಲೇ ನಿಷೇಧಿಸಿದೆ. ಮನೆಯ ಮಕ್ಕಳು ಗಿಡದಿಂದ ಮುರಿದು ಹಸಿಯಾಗಿಯೇ ಕಚ್ಚುವ ತೆನೆ ಇದು. ಆ ಡಬ್ಬಿಯನ್ನು ಹಿತ್ತಲಿನ ಹತ್ತಿರ ತರಲೇಬೇಡ.

ನೀನು ಹೇಳಿದ ಗುರುತು ಫಾಲ್ ಸೈನಿಕ ಹುಳುವಿನದು. ನಮ್ಮ ದೇಶದಲ್ಲಿ ಇದು ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ನಮ್ಮದೇ ಶಿವಮೊಗ್ಗದಲ್ಲಿ. ಹುಳುವನ್ನು ಹೊರತೆಗೆದು ನೋಡು. ತಲೆಯ ಮೇಲೆ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾದಂಥ ಬಿಳಿ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದೇ.

ಹಿತ್ತಲಿನ ಹತ್ತಿಪ್ಪತ್ತು ಗಿಡಕ್ಕೆ ಕೈಗಿಂತ ಒಳ್ಳೆಯ ಔಷಧವಿಲ್ಲ. ಮುಂಜಾನೆ, ಸಂಜೆ ಸುಳಿ ಬಿಡಿಸಿ ನೋಡಿ ಹುಳು ಆರಿಸಿ ಸಾಬೂನು ನೀರಿಗೆ ಹಾಕು. ಎಲೆಯ ಮೇಲೆ ಬೂದು ನೂಲು ಹೊದ್ದ ಮೊಟ್ಟೆಯ ಗುಂಪು ಕಂಡರೆ ಅಲ್ಲೇ ಹೊಸಕಿಬಿಡು. ಆಮೇಲೆ ಸುಳಿಗೆ ಚಿಟಿಕೆ ಒಣ ಮರಳು ಅಥವಾ ಒಲೆಯ ಬೂದಿ ಹಾಕು. 50 ಗ್ರಾಂ ಬೇವಿನ ಬೀಜದ ಪುಡಿಯನ್ನು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ತುಸು ಸಾಬೂನು ಕೂಡಿಸಿ ಸಂಜೆ ಹೊತ್ತು ಸುಳಿಯೊಳಗೇ ಇಳಿಯುವಂತೆ ಸಿಂಪಡಿಸು. ವಾರಕ್ಕೊಮ್ಮೆ ಸಾಕು. ಅದಕ್ಕೂ ಬಗ್ಗದಿದ್ದರೆ ಬಿಟಿ ಪುಡಿ, ಅಂದರೆ ಹುಳುವನ್ನು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ, ಲೀಟರಿಗೆ 2 ಗ್ರಾಂ. ಹುಳು ಸಣ್ಣದಿದ್ದಾಗಲೇ ಇವೆಲ್ಲ ಕೆಲಸ ಮಾಡುವುದು.

ಮುಂದೆ ತೆನೆಯ ತುದಿಯಲ್ಲಿ ಹುಳು ಕಂಡರೆ ಅದು ಬೇರೆಯದೂ ಇರಬಹುದು. ತೊಗರಿಗೆ ಬೀಳುವ ಕಾಯಿಕೊರಕವೇ ಇದರ ತೆನೆಗೂ ಬರುತ್ತದೆ. ತೆನೆ ಎಸೆಯಬೇಕಿಲ್ಲ, ತುದಿ ಕತ್ತರಿಸಿ ಉಳಿದದ್ದನ್ನು ತಿನ್ನಬಹುದು. ಗಿಳಿಗಳ ಕಾಟವಿದ್ದರೆ ಎಳೆ ಕಂದಾದ ಮೇಲೆ ತೆನೆಗೆ ಕಾಗದದ ಚೀಲ ಕಟ್ಟು. ಅದಕ್ಕೂ ಮೊದಲು ಕಟ್ಟಿದರೆ ಪರಾಗ ಒಳಗೆ ಹೋಗುವುದಿಲ್ಲ.

ಪ್ರಶ್ನೆ: ಬೇಸಿಗೆ ರಜೆಗೆ ಮೊಮ್ಮಕ್ಕಳು ಬರುತ್ತಾರೆ. ಅವರು ಕೈಯಾರೆ ತೆನೆ ಮುರಿಯಬೇಕೆಂದು ನನ್ನ ಆಸೆ. ಮೇ ತಿಂಗಳಲ್ಲಿ ತೆನೆ ಸಿಗಬೇಕಾದರೆ ಯಾವಾಗ ಬಿತ್ತಬೇಕು?
— ಹಿರಿಯ ಓದುಗರು, ಚಿತ್ತಾಪುರ

ಉತ್ತರ: ಅಮ್ಮಾವ್ರೇ, ಮೇ ತಿಂಗಳ ಆಸೆಯನ್ನು ಏಪ್ರಿಲ್‌ಗೆ ಇಳಿಸಿಕೊಳ್ಳಿ. ಮೇ ತೆನೆ ಬೇಕೆಂದರೆ ಏಪ್ರಿಲ್‌ನಲ್ಲಿ ಹೂ ಬರಬೇಕು. ನಮ್ಮ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಉರಿಗೆ ಪರಾಗ ಸಾಯುತ್ತದೆ, ಎಳೆ ಒಣಗುತ್ತದೆ. ಎಷ್ಟು ನೀರು ಹಾಕಿದರೂ ಕಾಳು ಸರಿಯಾಗಿ ಕಟ್ಟುವುದಿಲ್ಲ.

ಜನವರಿ ಕೊನೆಯ ವಾರದೊಳಗೆ ಬಿತ್ತಿ. ಮಾರ್ಚ್ ಮೂರನೇ ವಾರಕ್ಕೆ ಸೂಲಂಗಿ, ಏಪ್ರಿಲ್ ಹತ್ತರ ಆಸುಪಾಸಿಗೆ ತೆನೆ. ಅದಕ್ಕಿಂತ ತಡ ಮಾಡಬೇಡಿ. ಹೂವಿನ ಹದಿನೈದು ದಿನ ಮಣ್ಣು ಒಣಗಲು ಬಿಡಬಾರದು. ಬುಡಕ್ಕೆ ತೊಗರಿ ಹೊಟ್ಟನ್ನು ನಾಲ್ಕು ಬೆರಳು ದಪ್ಪ ಹೊದಿಸಿದರೆ ತೇವ ನಿಲ್ಲುತ್ತದೆ. ಮೊಮ್ಮಕ್ಕಳು ಎಳ್ಳ ಅಮಾವಾಸ್ಯೆಗೂ ಬರುವವರಾದರೆ ಇನ್ನೂ ಒಳ್ಳೆಯದು. ಅಕ್ಟೋಬರ್ ಮೊದಲ ವಾರದಲ್ಲಿ ಬಿತ್ತಿದ್ದು ಆ ಹೊತ್ತಿಗೆ ಹದಕ್ಕೆ ಬರುತ್ತದೆ. ನನ್ನ ಲೆಕ್ಕದಲ್ಲಿ ಕಲಬುರಗಿ, ಬೀದರ್, ಯಾದಗಿರಿ, ಈ ನಮ್ಮ ಮೂರೂ ಜಿಲ್ಲೆಗಳ ಹಿತ್ತಲಿಗೆ ಹಿಂಗಾರಿನ ಬಿತ್ತನೆಯೇ ಎಲ್ಲಕ್ಕಿಂತ ಮೇಲು. ಮಳೆ ನೀರು ನಿಲ್ಲುವ ಭಯವಿಲ್ಲ, ಹೂವಿಗೆ ಬಿಸಿಲ ಹೊಡೆತವೂ ಇಲ್ಲ.

ನಿಮ್ಮ ಚಿತ್ತಾಪುರದ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ. ಎಳೆ ಎಲೆಗಳ ನಡುನರದ ಎರಡೂ ಬದಿ, ಬುಡದ ಕಡೆಯಿಂದ ಬಿಳಿಚಿದ ಪಟ್ಟೆ ಕಂಡರೆ ಸತುವಿನ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಎರಡೂವರೆ ಗ್ರಾಂ ಸುಣ್ಣದ ತಿಳಿ ಸೇರಿಸಿ ಹತ್ತು ದಿನದ ಅಂತರದಲ್ಲಿ ಎರಡು ಸಲ ಎಲೆಗಳ ಮೇಲೆ ಸಿಂಪಡಿಸಿ. ಬಿತ್ತುವ ಮೊದಲೇ ಮಣ್ಣು ಪರೀಕ್ಷೆ ಮಾಡಿಸುವುದಾದರೆ ಕಲಬುರಗಿಯ ಆಳಂದ ರಸ್ತೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.