ಲ್ಯಾಪ್‌ಟಾಪಿನಲ್ಲಿ ಮ್ಯಾಸ್ಟೊಡಾನ್ ಸರ್ವರ್: ಕೆಲಸ ನಿಂತದ್ದು ಯಾವ ಪ್ರೋಸೆಸ್‌ನಲ್ಲಿ?

ಪ್ರಶ್ನೆ: ಸ್ವಂತ ಸರ್ವರಿನಲ್ಲಿ ನಡೆಸಬಹುದಾದ ಸಾಮಾಜಿಕ ಜಾಲತಾಣ ಮ್ಯಾಸ್ಟೊಡಾನ್‌ನ ಕೋಡಿನಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಿ ನೋಡುವ ಆಸೆ. ನನ್ನದು 8 ಜಿಬಿ ರ‍್ಯಾಮ್‌ನ ವಿಂಡೋಸ್ ಲ್ಯಾಪ್‌ಟಾಪ್. ಡಬ್ಲ್ಯುಎಸ್‌ಎಲ್ 2ರಲ್ಲಿ (ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ) ಉಬುಂಟು ಇದೆ. ನಾನು ನೋಡಿದ ಕೈಪಿಡಿ ಹೇಳುವ ಡೊಮೇನ್, ಎಸ್‌ಎಸ್‌ಎಲ್ (ಗೂಢಲಿಪಿ ಸಂಪರ್ಕ), ಎನ್‌ಜಿನ್‌ಎಕ್ಸ್ (ವೆಬ್ ಸರ್ವರ್) ಎಲ್ಲವೂ ಬೇಕೇ? ಡೇಟಾಬೇಸ್ ಹಂತದಲ್ಲಿ 'ಪಿಯರ್ ಅಥೆಂಟಿಕೇಶನ್ ಫೇಲ್ಡ್' ಎಂದು ನಿಂತುಬಿಟ್ಟಿದೆ.

ಉತ್ತರ: ಆ ಮೂರೂ ಬೇಡ. ನೀವು ನೋಡಿರುವುದು ಪ್ರೊಡಕ್ಷನ್ ಸರ್ವರಿನ, ಎಂದರೆ ಜನರ ಬಳಕೆಗೆ ತೆರೆದ ಸರ್ವರಿನ ವಿಧಾನ. ಪ್ಯಾಕೇಜುಗಳ ಪಟ್ಟಿಯನ್ನಷ್ಟೇ ಅಲ್ಲಿಂದ ತೆಗೆದುಕೊಳ್ಳಿ. ಡೊಮೇನ್, ಮೇಲ್ ಸರ್ವರ್ ಕೇಳುವ 'ಮ್ಯಾಸ್ಟೊಡಾನ್ ಸೆಟಪ್' ಎಂಬ ರೇಕ್ ಕಮಾಂಡ್ ಓಡಿಸಲೇಬೇಡಿ.

ಮೊದಲು ತಿಳಿಯಬೇಕಾದದ್ದು, ಮ್ಯಾಸ್ಟೊಡಾನ್ ಒಂದೇ ಪ್ರೋಗ್ರಾಂ ಅಲ್ಲ. ಪುಟಗಳನ್ನೂ ಎಪಿಐಯನ್ನೂ ಕೊಡುವುದು 3000ನೇ ಪೋರ್ಟ್‌ನಲ್ಲಿರುವ ರೂಬಿ ಆನ್ ರೇಲ್ಸ್. ಹೊಸ ಪೋಸ್ಟನ್ನು ತೆರೆದಿರುವ ಪುಟಕ್ಕೆ ಆ ಕ್ಷಣವೇ ತಳ್ಳುವುದು 4000ದಲ್ಲಿರುವ ನೋಡ್ ಜೆಎಸ್ ಸ್ಟ್ರೀಮಿಂಗ್ ಸರ್ವರ್. ಹಿನ್ನೆಲೆಯ ಕೆಲಸವೆಲ್ಲ ಸೈಡ್‌ಕಿಕ್‌ನದು. ಇವುಗಳ ಕೆಳಗೆ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ (5432) ಮತ್ತು ಕೆಲಸಗಳ ಸರದಿ ಇಡುವ ರೆಡಿಸ್ (6379). ಯಾವುದು ನಿಂತಿದೆ ಎಂದು ಹೇಳಲು ಬಂದರೆ ಅರ್ಧ ಎರರ್ ಅಲ್ಲೇ ಬಗೆಹರಿದಂತೆ.

ನಿಮ್ಮ ಎರರ್ ಪೋಸ್ಟ್‌ಗ್ರೆಸ್‌ನದು. ಪ್ರೊಡಕ್ಷನ್ ಮಾದರಿಯ ಎನ್ವ್ (ಸೆಟ್ಟಿಂಗ್) ಫೈಲ್ ನಕಲು ಮಾಡಿ ಡಿಬಿ ಯೂಸರ್ ಜಾಗದಲ್ಲಿ 'ಮ್ಯಾಸ್ಟೊಡಾನ್' ಎಂದು ಬಿಟ್ಟಿದ್ದರೆ ಹೀಗಾಗುತ್ತದೆ. ಹೋಸ್ಟ್ ಕೊಡದಿದ್ದಾಗ ಸಂಪರ್ಕ ಯುನಿಕ್ಸ್ ಸಾಕೆಟ್ (ಅದೇ ಯಂತ್ರದೊಳಗಿನ ಸಂಪರ್ಕ) ಮೂಲಕ ಹೋಗುತ್ತದೆ. ಅಲ್ಲಿ ಪಾಸ್‌ವರ್ಡ್ ಕೇಳುವುದಿಲ್ಲ. ಲಿನಕ್ಸ್ ಲಾಗಿನ್ ಹೆಸರೂ ಡೇಟಾಬೇಸ್ ಬಳಕೆದಾರನ ಹೆಸರೂ ಒಂದೇ ಇದೆಯೇ ಎಂದಷ್ಟೇ ನೋಡುತ್ತದೆ. ಆ ಸಾಲುಗಳನ್ನು ಅಳಿಸಿ, ಪೋಸ್ಟ್‌ಗ್ರೆಸ್ ಬಳಕೆದಾರನಾಗಿ ಕ್ರಿಯೇಟ್‌ಯೂಸರ್ ಕಮಾಂಡಿನಿಂದ ನಿಮ್ಮ ಲಿನಕ್ಸ್ ಹೆಸರಿನದೇ ರೋಲ್ (ಡೇಟಾಬೇಸ್ ಬಳಕೆದಾರ) ಮಾಡಿ, ಡೇಟಾಬೇಸ್ ರಚಿಸುವ ಹಕ್ಕು ಕೊಡಿ. 'ಕನೆಕ್ಷನ್ ರೆಫ್ಯೂಸ್ಡ್' ಎಂದು ಬಂದರೆ ಅದು ಬೇರೆ ವಿಷಯ: ಸೇವೆಯೇ ಶುರುವಾಗಿಲ್ಲ. ಸಿಸ್ಟಮ್‌ಡಿ (ಸೇವೆಗಳನ್ನು ತಾನೇ ಶುರು ಮಾಡುವ ವ್ಯವಸ್ಥೆ) ಇಲ್ಲದ ಡಬ್ಲ್ಯುಎಸ್‌ಎಲ್‌ನಲ್ಲಿ ಪ್ರತಿ ಸಲವೂ ಪೋಸ್ಟ್‌ಗ್ರೆಸ್, ರೆಡಿಸ್ ಎರಡನ್ನೂ ಕೈಯಿಂದಲೇ ಶುರು ಮಾಡಬೇಕು.

ಕೋಡನ್ನು ಉಬುಂಟುವಿನ ಹೋಮ್ ಫೋಲ್ಡರಿನಲ್ಲೇ ಕ್ಲೋನ್ ಮಾಡಿ. ವಿಂಡೋಸಿನ ಸಿ ಡ್ರೈವಿನಲ್ಲಿಟ್ಟರೆ ಎಲ್ಲವೂ ತೀರಾ ನಿಧಾನ, ಫೈಲ್ ಬದಲಿಸಿದ್ದು ಸರ್ವರಿಗೆ ಗೊತ್ತಾಗುವುದೂ ಇಲ್ಲ. ರೂಬಿ ಮತ್ತು ನೋಡ್ ಆವೃತ್ತಿಗಳನ್ನು ರೆಪೊದಲ್ಲಿರುವ ಆವೃತ್ತಿ ಫೈಲುಗಳಲ್ಲಿ ನೋಡಿ ಅದನ್ನೇ ಹಾಕಿಕೊಳ್ಳಿ. ಯಾರ್ನ್ (ಜಾವಾಸ್ಕ್ರಿಪ್ಟ್ ಪ್ಯಾಕೇಜು ತರುವ ಸಾಧನ) ಆವೃತ್ತಿ ಹೊಂದದೆ ಗಲಾಟೆ ಮಾಡಿದರೆ, ಸರಿಯಾದ ಆವೃತ್ತಿ ತರುವ ಕೋರ್‌ಪ್ಯಾಕ್ ಎನೇಬಲ್ ಮಾಡಿ. ಆಮೇಲೆ ಬಿನ್ ಫೋಲ್ಡರಿನ 'ಸೆಟಪ್', ನಂತರ 'ಡೆವ್', ಈ ಎರಡು ಸ್ಕ್ರಿಪ್ಟ್ ಸಾಕು. ಸೆಟಪ್ ನಡುವೆ ಪಿಜಿ ಜೆಮ್ (ರೂಬಿ ಲೈಬ್ರರಿ) ಮುರಿದರೆ ಲಿಬ್‌ಪಿಕ್ಯು, ಐಡಿಎನ್ ಮುರಿದರೆ ಲಿಬ್‌ಐಡಿಎನ್, ಚಾರ್‌ಲಾಕ್ ಹೋಮ್ಸ್ ಮುರಿದರೆ ಲಿಬ್‌ಐಸಿಯು, ಇವುಗಳ ಡೆವ್ ಪ್ಯಾಕೇಜ್ ಬಿಟ್ಟುಹೋಗಿದೆ ಎಂದರ್ಥ. ಟರ್ಮಿನಲ್ ಏಕಾಏಕಿ ಮುಚ್ಚಿದ ಮೇಲೆ 'ಸರ್ವರ್ ಆಗಲೇ ಓಡುತ್ತಿದೆ' ಎಂದರೆ, ನಿಜಕ್ಕೂ ಓಡುತ್ತಿಲ್ಲವೆಂದು ನೋಡಿಕೊಂಡು, ಟೆಂಪ್ ಒಳಗಿನ ಪಿಡ್ಸ್ ಫೋಲ್ಡರಿನಲ್ಲಿರುವ ಸರ್ವರ್ ಪಿಡ್ ಫೈಲ್ ಅಳಿಸಿ.

ಲೋಕಲ್‌ಹೋಸ್ಟ್ 3000 ತೆರೆದಾಗ ಅಡ್ಮಿನ್ ಖಾತೆ ಸಿದ್ಧವಿರುತ್ತದೆ. ಇಮೇಲ್ ಜಾಗದಲ್ಲಿ 'ಅಡ್ಮಿನ್', @, 'ಲೋಕಲ್‌ಹೋಸ್ಟ್:3000' ಸೇರಿಸಿ ಬರೆಯಿರಿ. ಪಾಸ್‌ವರ್ಡ್ 'ಮ್ಯಾಸ್ಟೊಡಾನ್‌ಅಡ್ಮಿನ್', ಎಲ್ಲ ಸಣ್ಣಕ್ಷರ, ನಡುವೆ ಜಾಗವಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಪಾಸ್‌ವರ್ಡ್, ಹಾಗಾಗಿ ಈ ಸರ್ವರನ್ನು ಹೊರಗಿನ ನೆಟ್‌ವರ್ಕಿಗೆ ತೆರೆದಿಡಬೇಡಿ.

ಪ್ರಶ್ನೆ: ಎರಡು ಪರೀಕ್ಷಾ ಖಾತೆ ಮಾಡಿದ್ದೇನೆ. ಒಂದರ ಪೋಸ್ಟ್ ಅದರ ಪ್ರೊಫೈಲಿನಲ್ಲಿ ಕಾಣುತ್ತದೆ, ಫಾಲೋ ಮಾಡಿದ ಇನ್ನೊಂದರ ಹೋಮ್‌ಗೆ ಬರುವುದಿಲ್ಲ.

ಉತ್ತರ: ಸೈಡ್‌ಕಿಕ್ ನಿಂತಿದೆ. ಬರೆದವರ ಪ್ರೊಫೈಲಿನಲ್ಲಿ ಪೋಸ್ಟ್ ಡೇಟಾಬೇಸಿನಿಂದ ನೇರವಾಗಿ ಕಾಣುತ್ತದೆ. ಫಾಲೋವರುಗಳಿಗೆ ಹಂಚುವ ಕೆಲಸ ಮಾತ್ರ ರೆಡಿಸ್‌ನಲ್ಲಿರುವ ಸರದಿಗೆ ಹೋಗಿ ಸೈಡ್‌ಕಿಕ್‌ಗಾಗಿ ಕಾಯುತ್ತದೆ. ಅಡ್ಮಿನ್ ಆಗಿ ಲಾಗಿನ್ ಮಾಡಿ, ವಿಳಾಸದ ಕೊನೆಗೆ 'ಸೈಡ್‌ಕಿಕ್' ಸೇರಿಸಿದ ಪುಟದಲ್ಲಿ ಸರದಿ ಬೆಳೆಯುತ್ತಿದೆಯೇ ನೋಡಿ. ಪೇಜ್ ರಿಫ್ರೆಶ್ ಮಾಡಿದಾಗ ಪೋಸ್ಟ್ ಬರುತ್ತದೆ ಎಂದಾದರೆ ಮಾತ್ರ ದೋಷ ಸ್ಟ್ರೀಮಿಂಗಿನದು.

ಖಾತೆಗಳನ್ನು ಮ್ಯಾಸ್ಟೊಡಾನ್‌ನ ಟರ್ಮಿನಲ್ ಸಾಧನ ಟೂಟ್‌ಸಿಟಿಎಲ್‌ನ ಅಕೌಂಟ್ಸ್ ಕ್ರಿಯೇಟ್ ಕಮಾಂಡಿನಿಂದ ಮಾಡುವುದು ಒಳ್ಳೆಯದು. ಕನ್ಫರ್ಮ್ಡ್, ಅಪ್ರೂವ್ ಎರಡೂ ಆಯ್ಕೆ ಸೇರಿಸಿ. ಮೇಲ್ ದೃಢೀಕರಣದ ಗೋಜಿಲ್ಲದೆ ಪಾಸ್‌ವರ್ಡ್ ಟರ್ಮಿನಲ್ಲಿನಲ್ಲೇ ಸಿಗುತ್ತದೆ.

ಪ್ರಶ್ನೆ: ಬೇರೆ ಸರ್ವರಿನ ಪ್ರೊಫೈಲ್ ಹುಡುಕಿದರೆ ಸಿಗುತ್ತದೆ. ಫಾಲೋ ಒತ್ತಿದರೆ ಮಾತ್ರ ಮುಂದೆ ಹೋಗುವುದಿಲ್ಲ. ಏಕೆ?

ಉತ್ತರ: ಹೊರಗೆ ಹೋಗುವ ದಾರಿ ತೆರೆದಿದೆ, ಒಳಗೆ ಬರುವುದು ಮುಚ್ಚಿದೆ. ಸರ್ವರುಗಳು ಪರಸ್ಪರ ಮಾತಾಡುವ ನಿಯಮವಾದ ಆಕ್ಟಿವಿಟಿಪಬ್‌ನಲ್ಲಿ ನಿಮ್ಮ ಕೋರಿಕೆಗೆ ಸಹಿ ಇರುತ್ತದೆ. ಆ ಸಹಿ ಪರೀಕ್ಷಿಸಲು ಎದುರಿನ ಸರ್ವರ್ ನಿಮ್ಮ ಸರ್ವರಿನಿಂದ ಪಬ್ಲಿಕ್ ಕೀ ತರಬೇಕು. ಲೋಕಲ್‌ಹೋಸ್ಟ್ ಎಂದರೆ ಅದಕ್ಕೆ ತನ್ನದೇ ಯಂತ್ರ.

ಟನೆಲ್ (ಇಂಟರ್ನೆಟ್‌ನಿಂದ ನಿಮ್ಮ ಲ್ಯಾಪ್‌ಟಾಪಿಗೆ ದಾರಿ) ಹಾಕಿ ತೆರೆಯಬಹುದು, ಆದರೆ ದಯವಿಟ್ಟು ಅವಸರ ಬೇಡ. ಎನ್ವ್ ಫೈಲಿನ 'ಲೋಕಲ್ ಡೊಮೇನ್' ಮೌಲ್ಯ ಪ್ರತಿ ಖಾತೆಯ ಗುರುತಿನ ಭಾಗ. ಒಮ್ಮೆ ಹೊರಗೆ ಹೋದ ಮೇಲೆ ಬದಲಿಸಲಾಗದು. ಡೇಟಾಬೇಸ್ ಅಳಿಸಿ ಮತ್ತೆ ಅದೇ ಹೆಸರಲ್ಲಿ ಶುರು ಮಾಡಿದರೆ ಹೊಸ ಕೀಗಳು ಹಳೆಯವಕ್ಕೆ ಹೊಂದುವುದಿಲ್ಲ, ಬೇರೆಯವರ ಸರ್ವರುಗಳಲ್ಲಿ ನಿಮ್ಮ ಸತ್ತ ಖಾತೆಗಳು ಉಳಿದುಬಿಡುತ್ತವೆ. ಆದ್ದರಿಂದ ಬಿಸಾಡಬಹುದಾದ ಸಬ್‌ಡೊಮೇನ್ ಬಳಸಿ, ಅಡ್ಮಿನ್ ಪಾಸ್‌ವರ್ಡ್ ಮೊದಲೇ ಬದಲಿಸಿ, ನಿಮ್ಮದೇ ಇನ್ನೊಂದು ಪರೀಕ್ಷಾ ಸರ್ವರಿನ ಜೊತೆ ಮಾತ್ರ ಮಾತಾಡಿಸಿ.