ದೂರದ ಗುರಿಗೆ ಯಾವ ಬೋರ್? ಓದುಗರ ಪ್ರಶ್ನೆ, ನಮ್ಮ ಉತ್ತರ

ರೈಫಲ್, ತೋಟಾ, ಲೈಸನ್ಸ್ ಕುರಿತು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ನಿಷಿದ್ಧ. ಕಾಡುಹಂದಿ, ನವಿಲಿನ ಪ್ರಶ್ನೆಗಳನ್ನು ಬಿಟ್ಟರೆ, ಕೆಳಗೆ ಬೇಟೆಯ ಮಾತು ಬಂದಲ್ಲೆಲ್ಲ ಅದು ಪರವಾನಗಿ ಪಡೆದು ಬೇಟೆಯಾಡಬಹುದಾದ ದೇಶಗಳ ಮಾತು.

ಪ್ರಶ್ನೆ: ನಮ್ಮ ತಮ್ಮ ನ್ಯೂಜಿಲೆಂಡ್‌ದಾಗ ಡೇರಿ ಫಾರ್ಮ್ ಕೆಲಸಕ್ಕ ಅದಾನ. ಅಲ್ಲಿ ಬಂದೂಕಿನ ಲೈಸನ್ಸ್ ಸಿಕ್ಕೇತಿ, ಜಿಂಕಿ ಬ್ಯಾಟಿಗೆ ಹೋಗಾವ. .308, 6.5 ಕ್ರೀಡ್‌ಮೂರ್, .300 ವಿಂಚೆಸ್ಟರ್ ಮ್ಯಾಗ್ನಮ್, ಈ ಮೂರರಾಗ ಯಾವುದು ತಗೊಳ್ಳಲಿ ಅಂತ ಕೇಳ್ಯಾನ. 500 ಗಜದಿಂದ ಹೊಡೆದರೂ ಪ್ರಾಣಿ ನರಳಬಾರದು ಅಂತಾನ. ನೀವೇನಂತೀರಿ?
— ಓದುಗರು, ಗೋಕಾಕ

ಉತ್ತರ: ಮೊದಲು ಆ 500 ಗಜವನ್ನು ಕೈಬಿಡಲು ಹೇಳಿ. ಬೋರ್, ಅಂದರೆ ಬ್ಯಾರೆಲ್‌ನ ಒಳ ಅಗಲ ಮತ್ತು ಅದಕ್ಕೆ ಹೊಂದುವ ತೋಟಾ, ಯಾವುದೆಂಬುದು ಆಮೇಲಿನ ಮಾತು.

ಅಲ್ಲಿಯ ಕೆಂಪು ಜಿಂಕೆಯ ಹೃದಯ, ಶ್ವಾಸಕೋಶ ಇರುವ ಭಾಗ 20ರಿಂದ 25 ಸೆಂ.ಮೀ. ಅಗಲ. ಗುಂಡು ಅದರೊಳಗೆ ಬಿದ್ದರೆ ಪ್ರಾಣಿ ಕೆಲವೇ ಸೆಕೆಂಡುಗಳಲ್ಲಿ ಸಾಯುತ್ತದೆ, ಆಚೆ ಬಿದ್ದರೆ ಗಂಟೆಗಟ್ಟಲೆ ನರಳುತ್ತದೆ. ಮೇಜಿನ ಮೇಲೆ ಮರಳಚೀಲವಿಟ್ಟು ಹೊಡೆದಾಗ ಇಂದಿನ ಯಾವುದೇ ಒಳ್ಳೆಯ ರೈಫಲ್ 100 ಗಜಕ್ಕೆ ಮೂರು ಸೆಂ.ಮೀ.ಗಿಂತ ಕಡಿಮೆ ಗುಂಪು (ಒಂದೇ ಗುರಿಗೆ ಹೊಡೆದ ಗುಂಡುಗಳು ಬಿದ್ದ ಜಾಗದ ಅಗಲ) ಕೊಡುತ್ತದೆ. ಗುಡ್ಡ ಹತ್ತಿ, ಏದುಸಿರು ಬಿಡುತ್ತ, ಬ್ಯಾಗಿನ ಮೇಲೆ ಬ್ಯಾರೆಲ್ ಇಟ್ಟು ಹೊಡೆಯುವಾಗ ಅದೇ ಗುಂಪು 8 ಸೆಂ.ಮೀ.ಗೆ ಅಗಲವಾದರೂ ಹೊಡೆಯುವವನು ಪಳಗಿದವನೆಂದೇ ಅರ್ಥ. 8 ಸೆಂ.ಮೀ. ಗುಂಪು 250 ಗಜಕ್ಕೆ 20 ಸೆಂ.ಮೀ., 500 ಗಜಕ್ಕೆ 40 ಸೆಂ.ಮೀ. ಇದರಲ್ಲಿ ಗಾಳಿಯ ಲೆಕ್ಕ ಇನ್ನೂ ಬಂದಿಲ್ಲ.

ಗುಂಡು 500 ಗಜ ಮುಟ್ಟಲು ಸುಮಾರು 0.65 ಸೆಕೆಂಡು ಬೇಕು. ಟ್ರಿಗರ್ ಎಳೆದ ಹೊತ್ತಿಗೆ ಮೇಯುತ್ತಿದ್ದ ಜಿಂಕೆ ಒಂದೇ ಒಂದು ಹೆಜ್ಜೆ ಮುಂದಿಟ್ಟರೆ ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ಇದನ್ನು ಯಾವ ಮ್ಯಾಗ್ನಮ್ ತೋಟಾವೂ ಸರಿಪಡಿಸುವುದಿಲ್ಲ.

ಇನ್ನು ಮೂರು ಬೋರ್‌ಗಳ ವಿಷಯ. .308 ಬಂದದ್ದು 1952ರಲ್ಲಿ, .300 ಮ್ಯಾಗ್ನಮ್ 1963ರಲ್ಲಿ, 6.5 ಕ್ರೀಡ್‌ಮೂರ್ 2007ರಲ್ಲಿ. 143 ಗ್ರೇನ್ (ಗುಂಡಿನ ತೂಕದ ಅಳತೆ) ಉದ್ದ ಮೂತಿಯ ಗುಂಡು ಹಾಕಿದ ಕ್ರೀಡ್‌ಮೂರ್ ಸೆಕೆಂಡಿಗೆ 2700 ಅಡಿ ವೇಗದಲ್ಲಿ, 178 ಗ್ರೇನ್ ಗುಂಡಿನ .308 ಸುಮಾರು 2600 ಅಡಿ ವೇಗದಲ್ಲಿ ಹೊರಡುತ್ತವೆ. ಎರಡನ್ನೂ 200 ಗಜಕ್ಕೆ ಝೀರೋ ಮಾಡಿದರೆ, ಅಂದರೆ ಆ ದೂರದಲ್ಲಿ ಗುಂಡು ಗುರಿಗೇ ಬೀಳುವಂತೆ ಸ್ಕೋಪ್ ಹೊಂದಿಸಿದರೆ, 400 ಗಜದಲ್ಲಿ ಕ್ರೀಡ್‌ಮೂರ್ ಗುಂಡು 57 ಸೆಂ.ಮೀ., .308 ಗುಂಡು 65 ಸೆಂ.ಮೀ. ಆಸುಪಾಸು ಕೆಳಗಿಳಿದಿರುತ್ತದೆ. ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಅದೇ ದೂರದಲ್ಲಿ ಮೊದಲನೆಯದನ್ನು 23, ಎರಡನೆಯದನ್ನು 28 ಸೆಂ.ಮೀ. ಪಕ್ಕಕ್ಕೆ ತಳ್ಳುತ್ತದೆ. ಅಂತರ ನಾಲ್ಕು ಬೆರಳಿನದೂ ಅಲ್ಲ. ಆದರೆ ಅದೇ .308ಗೆ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 150 ಗ್ರೇನ್ ಗಿಡ್ಡ ಮೂತಿಯ ಗುಂಡು ಹಾಕಿ ನೋಡಿ: 2820 ಅಡಿ ವೇಗದಲ್ಲಿ ಹೊರಟರೂ ಗಾಳಿಗೆ 46 ಸೆಂ.ಮೀ. ಸರಿಯುತ್ತದೆ. ಜಿಂಕೆಯ ಎದೆ ಪೂರ್ತಿ ತಪ್ಪಿಹೋಯಿತು. ಬೋರ್ ಬದಲಾಗಲಿಲ್ಲ, ಗುಂಡಿನ ಆಕಾರ ಮಾತ್ರ ಬದಲಾಯಿತು. ತಮ್ಮನವರು ಬೋರ್ ಬಗ್ಗೆ ಮಾಡುವ ಚರ್ಚೆಯನ್ನು ಗುಂಡಿನ ಬಗ್ಗೆ ಮಾಡಿದರೆ ಹೆಚ್ಚು ಉಪಯೋಗ.

ಪ್ರಾಣಿಗೆ ತಾಗುವಾಗ ಗುಂಡಿನ ವೇಗ ಎಷ್ಟಿರುತ್ತದೆ ಎಂಬುದೂ ಅಷ್ಟೇ ಮುಖ್ಯ. ಬೇಟೆಯ ಗುಂಡಿನ ಮೂತಿ ಒಳಹೊಕ್ಕ ಮೇಲೆ ಅಣಬೆಯಂತೆ ಅರಳಬೇಕು. ಸೀಸದ ಮೆದು ಮೂತಿಯ ಹೆಚ್ಚಿನ ಗುಂಡುಗಳಿಗೆ ಅರಳಲು 1800 ಅಡಿ ವೇಗ ಬೇಕು. ಅಖಂಡ ತಾಮ್ರದ ಕೆಲವಕ್ಕೆ 2000 ಬೇಕು. ಮೇಲೆ ಹೇಳಿದ 150 ಗ್ರೇನ್ ಗುಂಡು 390 ಗಜ ದಾಟುವಷ್ಟರಲ್ಲಿ 1800ಕ್ಕಿಂತ ಕೆಳಗಿಳಿಯುತ್ತದೆ. ಆಮೇಲೆ ಅದು ಪೆನ್ಸಿಲ್ ಗಾತ್ರದ ತೂತು ಮಾಡಿ ಆಚೆ ಹೋಗಿಬಿಡುತ್ತದೆ. ರಕ್ತ ಸುರಿಯುವುದಿಲ್ಲ, ಪ್ರಾಣಿ ಓಡುತ್ತದೆ, ಸಿಗುವುದಿಲ್ಲ. ತೋಟಾ ಡಬ್ಬಿಯ ಮೇಲಿನ ವೇಗದ ಪಟ್ಟಿ ಮತ್ತು ಆ ಗುಂಡಿಗೆ ತಯಾರಕರು ಹೇಳಿರುವ ಕನಿಷ್ಠ ವೇಗ ಎರಡನ್ನೂ ಜೋಡಿಸಿ ನೋಡಿದರೆ ಎಲ್ಲಿಗೆ ನಿಲ್ಲಬೇಕೆಂಬುದು ತಾನೇ ಗೊತ್ತಾಗುತ್ತದೆ.

.300 ಮ್ಯಾಗ್ನಮ್ ಬೇಡ ಎನ್ನಲು ಕಾರಣ ಅದರ ಒದೆತ. 3.6 ಕೆ.ಜಿ. ತೂಕದ ರೈಫಲ್‌ನಲ್ಲಿ ಕ್ರೀಡ್‌ಮೂರ್ ಸುಮಾರು 16 ಜೌಲ್, .308 ಸುಮಾರು 22 ಜೌಲ್, ಮ್ಯಾಗ್ನಮ್ 36 ಜೌಲ್ ಒದೆಯುತ್ತವೆ. ಹೊಸಬರು ಹತ್ತು ಗುಂಡು ಹಾರಿಸುವಷ್ಟರಲ್ಲಿ ಭುಜ ಹೆದರುತ್ತದೆ, ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚಿಕೊಳ್ಳುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ: ಗೆಳೆಯನೊಬ್ಬ ಗೊತ್ತಾಗದಂತೆ ಖಾಲಿ ತೋಟಾ ತುಂಬಿಕೊಡಲಿ. ಗುಂಡು ಹಾರದಿದ್ದರೂ ಬ್ಯಾರೆಲ್ ಕೆಳಗೆ ಜಗ್ಗಿದರೆ ರೋಗ ಅಂಟಿದೆ.

ನಮ್ಮ ಸಲಹೆ 6.5 ಕ್ರೀಡ್‌ಮೂರ್. ಬ್ಯಾರೆಲ್ ಒಳಗಿನ ಸುರುಳಿ ಎಂಟು ಇಂಚಿಗೆ ಒಂದು ಸುತ್ತು ಇರಲಿ, ಗುಂಡು 140ರಿಂದ 143 ಗ್ರೇನ್ ಇರಲಿ. ತಮ್ಮನವರು ಉತ್ತರ ದ್ವೀಪದ ದಟ್ಟ ಕಾಡಿನಲ್ಲೇ ಹೆಚ್ಚು ತಿರುಗುವವರಾದರೆ ಅಲ್ಲಿ 100 ಗಜ ದಾಟಿದ ಗುರಿಯೇ ಅಪರೂಪ. ಅಲ್ಲಿಗೆ .308 ಧಾರಾಳ ಸಾಕು. ದಕ್ಷಿಣ ದ್ವೀಪದ ಬಯಲು ಗುಡ್ಡಗಳಿಗೆ ಹೋಗುವ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಲಿ. 20 ಸೆಂ.ಮೀ. ಅಗಲದ ಕಾಗದದ ತಟ್ಟೆ, ತಣ್ಣಗಿರುವ ಬ್ಯಾರೆಲ್, ಕಾಡಿನಲ್ಲಿ ಕೂರುವ ಭಂಗಿ, ಐದು ಗುಂಡು. ಐದೂ ತಟ್ಟೆಯೊಳಗೆ ಬೀಳುವ ದೂರ ಯಾವುದೋ ಅದೇ ಅವರ ಮಿತಿ. ನಾಲ್ಕು ಬಿದ್ದರೆ ಐವತ್ತು ಗಜ ಹಿಂದೆ ಬರಬೇಕು. ನಾರ್ವೆಯಲ್ಲಿ ದೊಡ್ಡ ಪ್ರಾಣಿ ಹೊಡೆಯುವವರಿಗೆ ಇಂಥದೇ ಐದು ಗುಂಡಿನ ಪರೀಕ್ಷೆ ಪ್ರತಿವರ್ಷ ಕಡ್ಡಾಯ. ಅದೂ 100 ಮೀಟರ್‌ನಲ್ಲಿ.

ಪ್ರಶ್ನೆ: ಫೌಜಿನಲ್ಲಿ 5.56ರಿಂದ 300 ಮೀಟರ್‌ವರೆಗೆ ಸರಿಯಾಗಿ ಹೊಡೆದವರು ನಾವು. ಆ ಬೋರ್ ಜಿಂಕೆಗೆ ಯಾಕೆ ಸಾಲದು ಎನ್ನುತ್ತಾರೆ?
— ನಿವೃತ್ತ ಹವಾಲ್ದಾರ್, ಸವದತ್ತಿ

ಉತ್ತರ: ಗುರಿ ತಪ್ಪುತ್ತದೆಂದಲ್ಲ ಸರ್, ಗುಂಡಿನ ಕಟ್ಟು ಬೇರೆ. ಸೈನ್ಯದ ಗುಂಡಿಗೆ ಮೂತಿಯವರೆಗೂ ಗಟ್ಟಿ ಲೋಹದ ಕವಚವಿರುತ್ತದೆ. ಮೈಯೊಳಗೆ ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಬಾರದೆಂದು 1899ರ ಹೇಗ್ ಘೋಷಣೆ ಹೇಳಿತು. ಅದಕ್ಕೆ ಕಾರಣವಾದ ಮೆದು ಮೂತಿಯ ಗುಂಡು ತಯಾರಾದದ್ದು ಕೋಲ್ಕತ್ತದ ಬಳಿಯ ಡಂಡಂ ಕಾರ್ಖಾನೆಯಲ್ಲಿ. ಬೇಟೆಯ ನಿಯಮ ಇದಕ್ಕೆ ನೇರ ವಿರುದ್ಧ: ಇಂಗ್ಲೆಂಡಿನಲ್ಲಿ ಜಿಂಕೆಗೆ ಅರಳುವ ಗುಂಡನ್ನೇ ಹಾಕಬೇಕು. ಜೊತೆಗೆ ಅಲ್ಲಿಯ 1991ರ ಜಿಂಕೆ ಕಾಯ್ದೆಯಂತೆ ದೊಡ್ಡ ಜಾತಿಯ ಜಿಂಕೆಗಳಿಗೆ ಬೋರ್ .240 ಇಂಚಿಗಿಂತ ಕಡಿಮೆ ಇರಕೂಡದು, ಬ್ಯಾರೆಲ್ ಬಾಯಲ್ಲಿ ಶಕ್ತಿ 1700 ಅಡಿ-ಪೌಂಡ್, ಅಂದರೆ ಸುಮಾರು 2300 ಜೌಲ್ ಇರಬೇಕು. 5.56ರ ನಾಗರಿಕ ಜೋಡಿಯಾದ .223, 55 ಗ್ರೇನ್ ಗುಂಡಿನೊಂದಿಗೆ 1740 ಜೌಲ್ ಹತ್ತಿರ ನಿಲ್ಲುತ್ತದೆ.

ಪ್ರಶ್ನೆ: ಬೋರ್ ದೊಡ್ಡದಾದಷ್ಟೂ ದೂರ ಹೊಡೀತದ ಅಂತಾರ. ನಮ್ಮ ಕಾಕಾನ .315 ರೈಫಲ್ ಹಂಗಾದರ .308ಕಿಂತ ಜೋರ ಇರಬೇಕಲ್ಲ?
— ಕಾಲೇಜು ವಿದ್ಯಾರ್ಥಿ, ವಿಜಯಪುರ

ಉತ್ತರ: ಬೋರೇ ಲೆಕ್ಕವಾಗಿದ್ದರೆ ನಿಮ್ಮೂರಿನ ಮಲಿಕ್-ಎ-ಮೈದಾನ್ ತೋಪನ್ನು ಮೀರಿಸಿದ್ದು ಯಾವುದೂ ಇರುತ್ತಿರಲಿಲ್ಲ, ಅದರ ಬೋರ್ 70 ಸೆಂ.ಮೀ.! .315 ನಮ್ಮ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳ ರೈಫಲ್. ಸೈನ್ಯದ .303 ನಾಗರಿಕರಿಗೆ ನಿಷಿದ್ಧವಾದ್ದರಿಂದ ಹಳೆಯ 8 ಮಿ.ಮೀ. ಮ್ಯಾನ್‌ಲಿಶರ್ ತೋಟಾವನ್ನು ಆಧರಿಸಿ ಮಾಡಿದ್ದು. 244 ಗ್ರೇನ್ ತೂಕದ ಮೊಂಡು ಮೂತಿಯ ಗುಂಡು ಹತ್ತಿರದಲ್ಲಿ ಬಲವಾಗಿ ಬಡಿಯುತ್ತದೆ, ಆದರೆ ಗಾಳಿಯ ತಡೆಗೆ ಬೇಗ ಸೋಲುತ್ತದೆ. 150 ಗಜದಾಚೆಗೆ ಅದನ್ನು ನಂಬುವಂತಿಲ್ಲ.

ಪ್ರಶ್ನೆ: ಕಬ್ಬಿನ ಹೊಲಕ್ಕೆ ಕಾಡುಹಂದಿ ಕಾಟ ವಿಪರೀತ. ಬೆಳೆ ರಕ್ಷಣೆಯ ಬಂದೂಕು ಲೈಸನ್ಸ್ ಇದೆ. ಹೊಡೆಯಬಹುದೇ? ಯಾವ ತೋಟಾ?
— ರೈತರು, ಖಾನಾಪುರ ತಾಲೂಕು

ಉತ್ತರ: ಲೈಸನ್ಸ್ ಇರುವುದು ಬಂದೂಕು ಇಟ್ಟುಕೊಳ್ಳಲು, ಹಂದಿ ಹೊಡೆಯಲು ಅಲ್ಲ. ಕಾಡುಹಂದಿ ಈಗ ವನ್ಯಜೀವಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ (ಸಂರಕ್ಷಿತ ಪ್ರಾಣಿಗಳ ಪಟ್ಟಿ). ಬೆಳೆಗೆ ಅಪಾಯವಿದ್ದಾಗ ಕಾಯ್ದೆಯ 11ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ನಮೂದಿಸಿ ಲಿಖಿತ ಆದೇಶ ಕೊಟ್ಟರೆ ಮಾತ್ರ ಅವಕಾಶ. ಆ ಕಾಗದ ಕೈಗೆ ಬರುವ ಮುಂಚೆ ತೋಟಾದ ಚರ್ಚೆ ಮಾಡುವುದರಲ್ಲಿ ಅರ್ಥವಿಲ್ಲ. ನಿಮ್ಮ ತಾಲೂಕಿನಲ್ಲೇ ಭೀಮಗಡ ವನ್ಯಜೀವಿಧಾಮವಿದೆ. ಅದರ ಗಡಿಯೊಳಗೆ ಬೇಟೆಯಾಡಿದರೆ ಪ್ರಾಣಿ ಯಾವುದೇ ಇರಲಿ, 3ರಿಂದ 7 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ.

ಹಾನಿಯಾದ ಕೂಡಲೇ ಮುರಿದ ಬೆಳೆ, ಹೆಜ್ಜೆಗುರುತುಗಳ ಫೋಟೋ ತೆಗೆದು, ಉತಾರ ಲಗತ್ತಿಸಿ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ. ಪರಿಶೀಲನೆಗೆ ಬರುವ ಮುಂಚೆ ಹೊಲ ಹಸನು ಮಾಡಿಬಿಟ್ಟರೆ ಪರಿಹಾರ ಕೈತಪ್ಪುತ್ತದೆ. ಸೋಲಾರ್ ಬೇಲಿ ಹಾಕುವವರು ಸಾಮಾನ್ಯವಾಗಿ ತಪ್ಪುವುದು ಕೆಳಗಿನ ತಂತಿಯಲ್ಲಿ. ಹಂದಿ ಮೂತಿಯಿಂದ ನುಗ್ಗುವ ಪ್ರಾಣಿಯಾದ್ದರಿಂದ ಅದು ನೆಲದಿಂದ 20–25 ಸೆಂ.ಮೀ. ಎತ್ತರದಲ್ಲಿರಬೇಕು. ಹುಲ್ಲು ಬೆಳೆದು ತಂತಿಗೆ ತಾಗಿದರೆ ಶಾಕ್ ನೆಲಕ್ಕಿಳಿಯುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಬೇಲಿಯ ಬುಡವನ್ನು ಆಗಾಗ ಸವರುತ್ತಿರಬೇಕು. ಕಂಬದ ಕರೆಂಟನ್ನು ನೇರ ತಂತಿಗೆ ಕೊಡುವುದು, ಸಿಡಿಮದ್ದಿನ ಉಂಡೆ, ಉರುಳು ಇವೆಲ್ಲ ಅಪರಾಧ. ಮೊದಲನೆಯದಕ್ಕೆ ಹಂದಿಯ ಜೊತೆ ಮನುಷ್ಯರೂ ಸಾಯುತ್ತಾರೆ.

ಪ್ರಶ್ನೆ: ತೊಗರಿ ಹೊಲಕ್ಕೆ ನವಿಲು ಬರ್ತಾವ. .177 ಏರ್‌ಗನ್ನಿಂದ ಹೆದರಿಸಬಹುದಾ?
— ಓದುಗರು, ಇಂಡಿ

ಉತ್ತರ: ಬೇಡ. ನವಿಲು ಮೊದಲನೇ ಅನುಸೂಚಿಯ ಪಕ್ಷಿ. ಹೆದರಿಸಲು ಹೊಡೆದ ಪೆಲೆಟ್ ರೆಕ್ಕೆಗೆ ತಾಗಿದರೂ ಬೇಟೆಯ ಪ್ರಕರಣವೇ. ಏರ್‌ಗನ್ ಕಾಗದದ ಗುರಿಗೆ ಇರಲಿ.

ಪ್ರಶ್ನೆ: ಮಗ ಸ್ಕಾಟ್ಲೆಂಡಿನಲ್ಲಿದ್ದಾನೆ, ಅಲ್ಲಿಯ ಗೈಡ್ ಜೊತೆ ಜಿಂಕೆ ಬೇಟೆಗೆ ಹೋಗುವವನಿದ್ದಾನೆ. ಗುಂಡು ತಾಗಿಯೂ ಪ್ರಾಣಿ ಓಡಿಹೋದರೆ ಏನು ಮಾಡಬೇಕು? ಇಳಿಜಾರಿನಲ್ಲಿ ಗುರಿ ಹೇಗೆ?
— ನಿವೃತ್ತ ಶಿಕ್ಷಕರು, ಮುಧೋಳ

ಉತ್ತರ: ಇಳಿಜಾರು ಸುಲಭ. ಗುಂಡು ಎಷ್ಟು ಕೆಳಗಿಳಿಯುತ್ತದೆ ಎಂಬುದಕ್ಕೆ ಲೆಕ್ಕ ಇಳಿಜಾರಿನ ಉದ್ದವಲ್ಲ, ನೆಲಮಟ್ಟದ ಅಡ್ಡ ದೂರ ಮಾತ್ರ. 30 ಡಿಗ್ರಿ ಏರಿನಲ್ಲಿ ಅಳತೆಯ ಯಂತ್ರ 300 ತೋರಿಸಿದರೆ 260ರ ಗುರಿಯನ್ನೇ ಇಡಬೇಕು, ಇಲ್ಲವಾದರೆ ಗುಂಡು ಬೆನ್ನಿನ ಮೇಲಿಂದ ಹೋಗುತ್ತದೆ. ಮೇಲಕ್ಕಾಗಲಿ ಕೆಳಕ್ಕಾಗಲಿ ಇದೇ ಲೆಕ್ಕ.

ಗುಂಡು ಹಾರಿದ ಕ್ಷಣವೇ ಇನ್ನೊಂದು ತೋಟಾ ತುಂಬಬೇಕು, ಕಣ್ಣು ಸ್ಕೋಪ್ ಬಿಡಬಾರದು. ಪ್ರಾಣಿ ನಿಂತಿದ್ದ ಜಾಗ, ಕೊನೆಗೆ ಕಂಡ ಜಾಗ ಎರಡನ್ನೂ ಪೊದೆಯೋ ಕಲ್ಲೋ ನೋಡಿ ಗುರುತಿಟ್ಟುಕೊಳ್ಳಬೇಕು. ಹದಿನೈದು ಇಪ್ಪತ್ತು ನಿಮಿಷ ಕದಲಬಾರದು. ಬೆನ್ನಟ್ಟಿದರೆ ಮಲಗಬೇಕಿದ್ದ ಪ್ರಾಣಿ ಎದ್ದು ಮೈಲುಗಟ್ಟಲೆ ಓಡುತ್ತದೆ. ಆಮೇಲೆ ರಕ್ತ ನೋಡಬೇಕು. ಗುಲಾಬಿ ಬಣ್ಣ, ನೊರೆ ಇದ್ದರೆ ಶ್ವಾಸಕೋಶ: ಪ್ರಾಣಿ ನೂರು ಗಜದೊಳಗೇ ಬಿದ್ದಿರುತ್ತದೆ. ಕಡುಗೆಂಪಾದರೆ ಯಕೃತ್ತು, ಇನ್ನೂ ಕಾಯಬೇಕು. ಹಸಿರು ಮೇವಿನ ಚೂರು, ಕೆಟ್ಟ ವಾಸನೆ ಇದ್ದರೆ ಹೊಟ್ಟೆಗೆ ಬಿದ್ದಿದೆ. ಆಗ ನಾಲ್ಕಾರು ಗಂಟೆ ಬಿಟ್ಟು, ವಾಸನೆ ಹಿಡಿದು ಹುಡುಕುವ ನಾಯಿ ತರಿಸಬೇಕು. ನಿಮ್ಮೂರಿನ ತಳಿ ಈ ಕೆಲಸಕ್ಕಲ್ಲ, ಮುಧೋಳ ನಾಯಿ ಕಣ್ಣಿಗೆ ಕಂಡದ್ದನ್ನು ಅಟ್ಟಿ ಹಿಡಿಯುವಂಥದು. ನಾಯಿ ಎಲ್ಲಿಂದ ಬರುತ್ತದೆ, ಎಷ್ಟು ಹೊತ್ತಿನಲ್ಲಿ ಬರುತ್ತದೆ ಎಂದು ಗುಡ್ಡ ಹತ್ತುವ ಮುಂಚೆಯೇ ಮಗ ಗೈಡನ್ನು ಕೇಳಿಟ್ಟುಕೊಳ್ಳಲಿ.